ಗೋಡೆಯೊಳಗಿನ ಒನಕೆ

ಡೊಂಬಿವಲಿಯ ಹಳೆಯ ಸೊಸಾಯಟಿಗಳಲ್ಲಿ ಬಾಳುವವರಿಗೆ ನೀರು ಬರುವ ಹೊತ್ತು ಗೊತ್ತಿರುತ್ತದೆ. ನೀರು ಬರುವ ದಾರಿ ಅಷ್ಟಾಗಿ ಗೊತ್ತಿರುವುದಿಲ್ಲ. ಪಾಲಿಕೆಯ ನೀರು ಕಟ್ಟಡದ ನೆಲದಡಿಯ ಟಾಕಿಗೆ ಬಂದು ಬೀಳುತ್ತದೆ. ಪಂಪು ಅದನ್ನು ಟೆರೇಸಿಗೆ ಏರಿಸುತ್ತದೆ. ಅಲ್ಲಿಂದ ಅದು ತನ್ನ ಭಾರದಿಂದಲೇ ಮನೆಮನೆಯ ನಳಗಳಿಗೆ ಇಳಿಯುತ್ತದೆ. ಏರುವ ಕೊಳವೆ ಬೇರೆ, ಇಳಿಯುವ ಕೊಳವೆ ಬೇರೆ. ನಮಗೂ ಕೆಳಗಿನ ಮನೆಯವರಿಗೂ ಆರು ತಿಂಗಳು ಮಾತು ನಿಂತುಹೋದದ್ದು ಈ ಏರುವ ಕೊಳವೆಯಿಂದ.

ಕೆಳಮನೆಯ ಕಾಕಾ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ನಸುಕಿನ ಐದು ಗಂಟೆಗೆ ನಮ್ಮ ಅಡುಗೆಮನೆಯಿಂದ ಕುಟ್ಟುವ ಸದ್ದು ಬಂದು ನಿದ್ದೆ ಕೆಡುತ್ತದೆಂಬುದು ಅವರ ದೂರು. ಕರ್ನಾಟಕದವರೆಂದ ಮೇಲೆ ಒರಳು, ಒನಕೆ ಇದ್ದೇ ಇರಬೇಕೆಂದು ಅವರ ನಂಬಿಕೆ. ಇರುವುದು ಮಿಕ್ಸರ್ ಒಂದೇ ಎಂದು ಕರೆದು ತೋರಿಸಿದರೂ ಒಪ್ಪಲಿಲ್ಲ. ಸದ್ದು ನಮಗೂ ಕೇಳುತ್ತಿತ್ತು: ಒಮ್ಮೆ ‘ಢಣ್’, ಬೆನ್ನಿಗೇ ಗೋಡೆಯನ್ನು ನಡುಗಿಸುವ ನಾಲ್ಕೈದು ಪೆಟ್ಟು.

ಮೊದಲು ಬಂದ ಪ್ಲಂಬರ್ ‘ಪೈಪಿನಲ್ಲಿ ಹವಾ ತುಂಬಿದೆ’ ಎಂದು ಹೇಳಿ ಹೋದ. ಹವೆಯ ಲಕ್ಷಣವೇ ಬೇರೆ. ನೀರುಕಡಿತದ ಮರುದಿನ ನಳ ಗೊರಗೊರ ಎನ್ನುತ್ತದೆ, ನೀರನ್ನು ಉಗುಳುತ್ತದೆ. ನಮ್ಮದು ಪೆಟ್ಟಿನ ಸದ್ದು. ಹರಿಯುವ ನೀರನ್ನು ಥಟ್ಟನೆ ತಡೆದರೆ ಅದರ ವೇಗವೆಲ್ಲ ಒತ್ತಡವಾಗಿ ಮಾರ್ಪಟ್ಟು ಕೊಳವೆಯಲ್ಲಿ ಅಲೆಯಾಗಿ ಓಡುತ್ತದೆ. ರಷ್ಯಾದ ಝುಕೋವ್‌ಸ್ಕಿ 1897-98ರಲ್ಲಿ ಮಾಸ್ಕೋದ ಕೊಳವೆಗಳಲ್ಲಿ ಪ್ರಯೋಗಿಸಿ ಇದರ ಲೆಕ್ಕ ಹಾಕಿಟ್ಟಿದ್ದಾನೆ. ಸೆಕೆಂಡಿಗೆ ಒಂದು ಮೀಟರ್ ಸಾಗುವ ನೀರು ಕಬ್ಬಿಣದ ಕೊಳವೆಯಲ್ಲಿ ಒಮ್ಮೆಗೇ ನಿಂತರೆ, ನೂರು ಮೀಟರಿಗೂ ಎತ್ತರದ ನೀರಿನ ಕಂಬದಷ್ಟು ಒತ್ತಡ ಕ್ಷಣಕಾಲ ಏಳುತ್ತದೆ. ನಮ್ಮ ಕಟ್ಟಡದ ಎತ್ತರ ಹದಿನೈದು ಮೀಟರ್!

ಹಾಗಾದರೆ ಐದು ಗಂಟೆಗೆ ನೀರನ್ನು ತಡೆಯುವವರು ಯಾರು? ಒಂದು ಭಾನುವಾರ ಕಾಕಾರನ್ನೇ ಚಹಕ್ಕೆ ಕರೆದೆವು. ‘ಇಷ್ಟು ಬೆಳಿಗ್ಗೆಯೇ?’ ಎನ್ನುತ್ತಲೇ ಬಂದರು. ಅವರೆದುರಿಗೇ ಮನೆಯ ಎಲ್ಲ ಕಾಕ್‌ಗಳನ್ನು ಮುಚ್ಚಿದೆವು. ನಮ್ಮಲ್ಲೊಬ್ಬರು ಪಂಪಿನ ಬಳಿ ಫೋನ್ ಹಿಡಿದು ನಿಂತರು. ಕಾಕಾ ಅಡುಗೆಮನೆಯ ಗೋಡೆಗೆ ಅಂಗೈ ಒತ್ತಿದರು. ‘ನಿಂತಿತು’ ಎಂದು ಫೋನಿನಲ್ಲಿ ಕೇಳಿದ ಕ್ಷಣವೇ ಅವರ ಕೈಯಡಿ ಗೋಡೆ ಢಣ್ ಎಂದಿತು. ಕೈ ಹಿಂದೆಗೆದುಕೊಂಡು ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಸಕ್ಕರೆ ಕಡಿಮೆಯಿರಲೆಂದರು.

ದೋಷ ಪಂಪಿನ ಬಳಿಯ ನಾನ್-ರಿಟರ್ನ್ ವಾಲ್ವಿನದು. ಪಂಪು ನಿಂತೊಡನೆ ಏರುಕೊಳವೆಯ ನೀರು ಹಿಂದಕ್ಕೆ ಬೀಳುತ್ತದೆ. ಸವೆದ ಬಾಗಿಲು ತಡವಾಗಿ, ನೀರು ವೇಗ ಪಡೆದ ಮೇಲೆ ಬಡಿದು ಮುಚ್ಚುತ್ತಿತ್ತು. ನಮ್ಮ ಗೋಡೆಯಲ್ಲಿ ಕ್ಲಾಂಪು ಸಡಿಲಾಗಿದ್ದ ಕೊಳವೆ ಆ ಪೆಟ್ಟನ್ನು ಕೆಳಮನೆಗೆ ದಾಟಿಸುತ್ತಿತ್ತು. ಸ್ಪ್ರಿಂಗಿನ ವಾಲ್ವು ಹಾಕಬೇಕು, ಅದು ನೀರು ಹಿಂದಿರುಗುವ ಮೊದಲೇ ಮುಚ್ಚಿಕೊಳ್ಳುತ್ತದೆ ಎಂದು ಸೊಸಾಯಟಿಯ ಸಭೆಯಲ್ಲಿ ಹೇಳಿದೆವು. ನೆಲಮಹಡಿಯವರು ‘ನಮಗೇನೂ ಕೇಳಿಸುವುದಿಲ್ಲವಲ್ಲ’ ಎಂದರು. ಆಗ ಎದ್ದುನಿಂತು ವಾದಿಸಿದವರು ಕಾಕಾ. ಅಡುಗೆಮನೆಯ ಗೋಡೆ ಒಡೆಸಿ, ರಬ್ಬರಿಟ್ಟು ಕ್ಲಾಂಪು ಬಿಗಿಸುವ ಖರ್ಚನ್ನೂ ಸೊಸಾಯಟಿಯ ಲೆಕ್ಕಕ್ಕೇ ಹಾಕಿಸಿದರು.

ಈಗ ಉಳಿದಿರುವುದು ನಮ್ಮ ಮಾಳಿಗೆ ಟಾಕಿ ತುಂಬುವಾಗಿನ ‘ಟರ್ರ್’ ಸದ್ದು. ಅದು ಬಾಲ್‌ಕಾಕಿನ ಸವೆದ ವಾಷರಿನದೆಂದು ಕಾಕಾ ಅವರ ನಿದಾನ. ನಾಳೆ ಸ್ಕ್ರೂಡ್ರೈವರಿನೊಂದಿಗೆ ಬರುತ್ತಾರಂತೆ.