ಹಿಡಿಯುವುದು, ಬಿಡುವುದು

ಮೈಸೂರಿನಲ್ಲಿ ಹುಟ್ಟಿ, ಕೇರಳದ ನಂಬರು ಹೊತ್ತು, ಬದಿಯಡ್ಕದ ಆಸುಪಾಸಿನ ಗುಡ್ಡಗಳನ್ನು ಹತ್ತಿ ಇಳಿದ ನನ್ನ ಯೆಜ್ಡಿ ಬೈಕಿಗೂ ನಮ್ಮಂಥವರಿಗೂ ಬಹಳ ಹೋಲಿಕೆಯಿದೆ. ಅದು ತಯಾರಾದ ಕಾರ್ಖಾನೆ 1996ರಲ್ಲೇ ಮುಚ್ಚಿತು. ಕಿಕ್ ಹೊಡೆಯುವ ಲಿವರೇ ಗೇರಿನ ಲಿವರೂ ಆಗಿರುವ ಆ ವಿಚಿತ್ರ ಗಾಡಿಯನ್ನು ನಾನು ಮಾತ್ರ ಇಂದಿಗೂ ಬಿಟ್ಟಿಲ್ಲ.

2003ರ ಮಳೆಗಾಲದಲ್ಲಿ ಅದಕ್ಕೊಂದು ಚಾಳಿ ಹಿಡಿಯಿತು. ಕ್ಲಚ್ ಪೂರ್ತಿ ಅದುಮಿದರೂ ಫಸ್ಟ್ ಗೇರಿಗೆ ಹಾಕುವಾಗ ‘ಕಟಕ್’ ಎಂದು ಜಿಗಿಯುವುದು. ನಿಂತಲ್ಲಿ ನಿಲ್ಲದೆ ಮುಂದಕ್ಕೆ ತೆವಳುವುದು. ನ್ಯೂಟ್ರಲ್ ಹುಡುಕಿದರೆ ಸಿಗದಿರುವುದು. ಒಂದು ಸಂಜೆ ಶಾಲೆಯ ಗಂಟೆ ಹೊಡೆದು ಮಕ್ಕಳು ರಸ್ತೆ ದಾಟುತ್ತಿದ್ದಾಗ, ಕ್ಲಚ್ ಹಿಡಿದೇ ಇದ್ದರೂ ಗಾಡಿ ಅವರತ್ತ ಸರಿಯತೊಡಗಿತು. ಬ್ರೇಕನ್ನು ಬಲವಾಗಿ ತುಳಿದೆ, ಇಂಜಿನ್ ನಿಂತಿತು. ನನ್ನ ಎದೆ ಮಾತ್ರ ಬಹಳ ಹೊತ್ತು ಓಡುತ್ತಲೇ ಇತ್ತು.

ಪೇಟೆಯ ಮೆಕ್ಯಾನಿಕ್ ಇಚ್ಚ ಲಿವರನ್ನು ಎರಡು ಸಲ ಅದುಮಿ ನೋಡಿ, “ಕ್ಲಚ್ ವಿಡುನ್ನಿಲ್ಲ ಮಾಷೇ” ಎಂದರು. ನಾವು ‘ಬಿಡುವುದಿಲ್ಲ’ ಎನ್ನುವುದನ್ನು ಅವರು ‘ವಿಡುನ್ನಿಲ್ಲ’ ಎನ್ನುತ್ತಾರೆ. ಮೂಲ ಒಂದೇ, ನಮ್ಮದು ಬಕಾರ, ಅವರದು ವಕಾರ.

ಕ್ಲಚ್ಚಿನೊಳಗೆ ಕಾರ್ಕ್ ಪ್ಲೇಟು, ಉಕ್ಕಿನ ಪ್ಲೇಟುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಸ್ಪ್ರಿಂಗು ಅವನ್ನು ಒತ್ತಿ ಹಿಡಿದಾಗ ಇಂಜಿನ್ನಿನ ಬಲ ಗೇರಿಗೆ ಹೋಗುತ್ತದೆ. ಲಿವರ್ ಎಳೆದಾಗ ಅವು ಬಿಡಿಬಿಡಿಯಾಗಬೇಕು. ಕೇಬಲ್ ಹಿಗ್ಗಿದರೆ, ಪ್ಲೇಟು ಡೊಂಕಾದರೆ, ರಾತ್ರಿಯ ತಂಪಿಗೆ ಎಣ್ಣೆ ಮಂದವಾಗಿ ಅಂಟಿದರೆ ಅವು ಅರೆಬರೆ ಬಿಡುತ್ತವೆ. ಆಗ ತಿರುಗುತ್ತಿರುವ ಗೇರಿಗೆ ನಿಂತ ಗೇರು ಬಡಿಯುತ್ತದೆ. ಇಚ್ಚ ಪ್ಲೇಟುಗಳನ್ನು ಬಿಚ್ಚಿ ಗಾಜಿನ ಮೇಲಿಟ್ಟು ನೋಡಿದರು. ಡೊಂಕಾದ ಎರಡನ್ನು ಬದಲಿಸಿ, ಹೊಸ ಕೇಬಲ್ ಹಾಕಿ, ಲಿವರಿನಲ್ಲಿ 2-3 ಮಿಲಿಮೀಟರ್ ಸಡಿಲ ಬಿಟ್ಟರು. ಅಷ್ಟೂ ಸಡಿಲವಿಲ್ಲದೆ ಬಿಗಿದರೆ ಏನಾಗುತ್ತದೆಂದು ಕೇಳಿದೆ. ಕ್ಲಚ್ ಜಾರುತ್ತದೆ, ಇಂಜಿನ್ ಬೊಬ್ಬೆ ಹಾಕುತ್ತದೆ, ಗಾಡಿ ಗುಡ್ಡ ಹತ್ತುವುದಿಲ್ಲ ಎಂದರು.

ಅದೇ ಮಳೆಗಾಲದಲ್ಲಿ ನನ್ನ ಮಗಳು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ಒನ್ ಸೇರಿದ್ದಳು. ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ. ಶಾಲೆಯಲ್ಲಿ ಸದಾ ಕೈಯೆತ್ತುತ್ತಿದ್ದವಳು ಮನೆಗೆ ಬಂದು ಒಂದು ರಾತ್ರಿ, “ಅಪ್ಪಾ, ನಾನು ದಡ್ಡಿಯಾ?” ಎಂದು ಕೇಳಿದಳು. ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಈ ಪ್ರಶ್ನೆ ಕೇಳಿಬಂದಿಲ್ಲ, ಹೇಳಿ? 1956ರ ನವೆಂಬರ್ 1ರಂದು ಗಡಿ ಬದಲಾದದ್ದು ಒಂದೇ ದಿನದಲ್ಲಿ. ನಮ್ಮ ಮಕ್ಕಳು ಮಾತ್ರ ಪ್ರತಿವರ್ಷವೂ ಒಬ್ಬೊಬ್ಬರಾಗಿ ಅದನ್ನು ದಾಟಬೇಕಾಗಿದೆ. ಇಂಜಿನ್ನಿಗೂ ಶಕ್ತಿಯಿದೆ, ಗೇರಿಗೂ ಹಲ್ಲಿದೆ. ‘ಕಟಕ್’ ಎನ್ನುವುದು ನಡುವಿನ ಜಾಗ.

ಆ ತಿಂಗಳು ಪ್ರತಿ ಬೆಳಿಗ್ಗೆ ಅವಳನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದೆ. ಸ್ಟಾರ್ಟ್ ಮಾಡಿ ಇಂಜಿನ್ ಸ್ವಲ್ಪ ಬಿಸಿಯಾಗಲು ಬಿಡುವುದು. ಕ್ಲಚ್ ಪೂರ್ತಿ ಹಿಡಿದು ನಾಲ್ಕೈದು ಸೆಕೆಂಡು ಕಾಯುವುದು. ಆಮೇಲೆ ಪಾದವನ್ನು ಮೆಲ್ಲನೆ ಒತ್ತುವುದು. ಗೇರು ಸದ್ದಿಲ್ಲದೆ ಬೀಳುತ್ತದೆ. ಒದ್ದರೆ ಬೀಳುತ್ತದಾದರೂ ಹಲ್ಲು ಸವೆಯುತ್ತದೆ. ಓಣಂ ರಜೆ ಮುಗಿದ ಮೇಲೆ ಮಗಳು ತರಗತಿಯಲ್ಲಿ ಮಲಯಾಳದಲ್ಲೇ ಪ್ರಶ್ನೆ ಕೇಳಿದಳಂತೆ. ಮನೆಯಲ್ಲಿ ಅದನ್ನು ಹೇಳಿದ್ದು ಕನ್ನಡದಲ್ಲಿ.

ತನ್ನ ಭಾಷೆಯ ಹಿಡಿತ ತಪ್ಪಿದವನು ಬೊಬ್ಬೆ ಹಾಕಿಯಾನು, ಗುಡ್ಡ ಹತ್ತಲಾರ. ಏನನ್ನೂ ಬಿಡದವನು ಹೊಸದಕ್ಕೆ ಬಡಿದುಕೊಂಡಾನು. ಎದುರು ಪುಟದ ಮಲಯಾಳಿ ಓದುಗರಲ್ಲಿ, ಅದರಲ್ಲೂ ಅಧ್ಯಾಪಕರಲ್ಲಿ, ನನ್ನದೊಂದೇ ಕೋರಿಕೆ: ನಮ್ಮ ಮಗುವೊಂದು ಉತ್ತರಕ್ಕೆ ತಡವರಿಸಿದರೆ ನಾಲ್ಕೈದು ಸೆಕೆಂಡು ಕಾಯಿರಿ. ಎಣ್ಣೆ ಬಿಸಿಯಾಗಲಿ.