ನನಗೆ ಸಂಶಯ

ಕನ್ನಡಿಗರು ಸಂಶಯವನ್ನು ಮಾಡುವುದಿಲ್ಲ. ಅದು ನಮಗೆ ಬರುತ್ತದೆ, ನೆಗಡಿ ಬಂದ ಹಾಗೆ. ‘ನನಗೆ ಸಂಶಯ’ ಎನ್ನುತ್ತೇವೆ. ಚತುರ್ಥಿ ವಿಭಕ್ತಿಯ ಮರೆಯಲ್ಲಿ ನಿಂತವನಿಗೆ ಹೊಣೆಯೇನೂ ಇಲ್ಲ. ವ್ಯಾಕರಣ ಪಾಠ ಹೇಳುವುದೇ ನನ್ನ ಕಸುಬಾದರೂ, ಈ ಸೌಕರ್ಯ ಕಣ್ಣಿಗೆ ಬಿದ್ದದ್ದು ‘ದೂದೊ’ ಎಂಬ ಸ್ಪ್ಯಾನಿಷ್ ಮಾತಿನಿಂದ.

ಪೆರು, ಚಿಲಿ ದೇಶಗಳಲ್ಲಿ ಆಡುವ ಒಂದು ದಾಳದಾಟಕ್ಕೂ ಅದೇ ಹೆಸರು. ಸಾಂತಿಯಾಗೊದಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ರಜೆಗೆ ಬಂದಾಗ ದಾಳಗಳನ್ನೂ ಚರ್ಮದ ಲೋಟಗಳನ್ನೂ ತಂದ. ಲೋಟಕ್ಕೆ ‘ಕಾಚೊ’ ಎನ್ನುತ್ತಾರೆ; ಎಂದರೆ ಕೊಂಬು. ಒಬ್ಬೊಬ್ಬರಿಗೆ 5 ದಾಳ. ಕುಲುಕಿ, ಲೋಟ ಬೋರಲು ಹಾಕಿ, ತನ್ನ ಗರವನ್ನಷ್ಟೇ ಇಣುಕಿ ನೋಡಿಕೊಂಡು, ಎಲ್ಲರದೂ ಸೇರಿ ಇಂಥ ಅಂಕ ಇಷ್ಟಿವೆ ಎಂದು ಸಾರಬೇಕು. ಮುಂದಿನವನು ಅದನ್ನು ಏರಿಸಬೇಕು, ಇಲ್ಲವೆ ‘ದೂದೊ’ ಎನ್ನಬೇಕು. ಆಗ ಲೋಟಗಳು ಏಳುತ್ತವೆ. ಸಾರಿದ್ದು ಸುಳ್ಳಾದರೆ ಸಾರಿದವನಿಗೆ ಒಂದು ದಾಳ ನಷ್ಟ, ನಿಜವಾದರೆ ಸಂಶಯಪಟ್ಟವನಿಗೆ. ‘ಸರಿಯಾಗಿ ಅಷ್ಟೇ ಇವೆ’ ಎನ್ನುವವನ ಮಾತು ‘ಕಾಲ್ಸೊ’. ಮೆಟ್ಟು ಕಾಲಿಗೆ ಹೊಂದುವುದನ್ನು ಹೇಳುವ ಕ್ರಿಯಾಪದ ಅದು.

ಅಂಕಗಳ ಹೆಸರುಗಳು ಇನ್ನೂ ಸೊಗಸು. ಒಂದು ‘ಆಸ್’. ಎರಡಕ್ಕೆ ‘ತೊಂತೊ’, ಅಂದರೆ ದಡ್ಡ. ಮೂರಕ್ಕೆ ‘ತ್ರೆನ್’, ರೈಲು! ‘ನಾಲ್ಕು ದಡ್ಡರು’ ಎಂದು ಗಂಭೀರವಾಗಿ ಸಾರುವ ಸುಖ ಮೇಷ್ಟರಿಗೆ ಮಾತ್ರ ಪೂರ್ತಿ ದಕ್ಕೀತು.

‘ದೂದೊ’ದ ಕೊನೆಯ ಓಕಾರದಲ್ಲೇ ‘ನಾನು’ ಇದೆ, ನಮ್ಮ ‘ಬರುತ್ತೇನೆ’ಯಲ್ಲಿರುವಂತೆ. ಇಷ್ಟಪಡುವಾಗ ಅವರೂ ನಮ್ಮ ಹಾಗೆಯೇ. ‘ಮೆ ಗುಸ್ತಾ’ ಎಂದರೆ ‘ನನಗೆ ಇಷ್ಟ’ದ ವರಸೆಯೇ. ಸಂಶಯದಲ್ಲಿ ಮಾತ್ರ ಆಡಿದವನೇ ಕರ್ತೃ. ‘ಸಂಶಯಪಡುತ್ತೇನೆ’ ಎಂಬುದು ಕನ್ನಡದಲ್ಲೂ ಉಂಟು, ನಿಜ. ಆದರೆ ಮನೆಯಲ್ಲಿ ಹಾಗೆಂದು ಯಾರು ಮಾತಾಡುತ್ತಾರೆ?

ಮೊದಲ ಸಂಜೆ ಹುಡುಗ ನನ್ನ ಮಾತನ್ನು ಅಲ್ಲಗಳೆಯಲಾರದೆ ಏರಿಸುತ್ತಲೇ ಹೋಗಿ ಸೋತ. ಸೋದರಮಾವನಿಗೆ ‘ಸುಳ್ಳು’ ಎನ್ನುವುದು ಹೇಗೆ? ಮರುದಿನ ನಾನು ಆರು ದಡ್ಡರನ್ನು ಸಾರಿದಾಗ ನೆಲ ನೋಡುತ್ತ, “ದೂದೊ, ಮಾವ” ಎಂದ. ನಾಲ್ವರೇ ಇದ್ದರು. ದಾಳ ತೆತ್ತೆ.

ಅವನು ಹೊರಡುವ ಹಿಂದಿನ ರಾತ್ರಿ, “ಅಮ್ಮ ಹುಷಾರಾಗಿದ್ದಾಳೆ, ನಿಶ್ಚಿಂತೆಯಿಂದ ಹೋಗಿ ಬಾ” ಎಂದೆ. ಹಾಗೆ ಹೇಳೆಂದು ಅಕ್ಕನೇ ಆಣೆಯಿಟ್ಟಿದ್ದಳು. ಹುಡುಗ ಈ ಸಲ ನೆಲ ನೋಡಲಿಲ್ಲ.

“ದೂದೊ, ಮಾವ.”

ಬೀರುವಿನ ಬೀಗ ತೆಗೆದು ಡಾಕ್ಟರ ಚೀಟಿಗಳನ್ನು ಅವನ ಮುಂದಿಟ್ಟೆ.