ಒಂದು ಮನೆಯ ಎರಡು ಚರಿತ್ರೆಗಳು

ಗಾಯಕರೂ ನಟರೂ ತಮ್ಮ ಬಾಳಿನ ಕಥೆಯನ್ನು ತಾವೇ ಹೇಳಿಕೊಂಡ ಪುಸ್ತಕಗಳನ್ನು ನಮ್ಮ ಗೃಹಸ್ಥರು ಕೊಂಚ ಅಳುಕಿನಿಂದಲೇ ಕೈಗೆತ್ತಿಕೊಳ್ಳುತ್ತಾರೆ. ಊಟದ ಹೊತ್ತಿಗೆ ಮನೆ ಸೇರದಿರುವುದು, ಜೇಬಿನಲ್ಲಿ ಕಾಸಿಲ್ಲದಿದ್ದರೂ ನಾಲ್ವರಿಗೆ ಕಾಫಿ ಕೊಡಿಸುವುದು, ಮನಸ್ಸು ಒಪ್ಪಿದವರನ್ನು ಯಾರನ್ನೂ ಕೇಳದೆ ವರಿಸುವುದು, ಇಂಥವೇ ಅವುಗಳಲ್ಲಿ ತುಂಬಿರುವುವೆಂದು ಅವರ ಎಣಿಕೆ. ಎಣಿಕೆ ಪೂರ್ತಿ ಸುಳ್ಳೂ ಅಲ್ಲ.

ನಮ್ಮ ದಾವಣಗೆರೆಯಲ್ಲಿ ಈ ಅಳುಕು ಹಳೆಯದು. ಹತ್ತಿಯ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಚಿಂದೋಡಿಯವರ ಕೆ.ಬಿ.ಆರ್. ನಾಟಕ ಕಂಪನಿಯು ಊರಿಗೆಲ್ಲ ಹೆಮ್ಮೆಯ ವಸ್ತುವಾಗಿತ್ತು. ಆದರೂ ಡೇರೆಯ ಕಡೆಯಿಂದ ಕಾಲುಹಾರ್ಮೋನಿಯಮ್ಮಿನ ನಾದ ಕೇಳಿಬಂದೊಡನೆ ತಾಯಂದಿರು ಹುಡುಗರನ್ನು ಎಣಿಸಿಕೊಳ್ಳುತ್ತಿದ್ದರು. ನಾಟಕ ನೋಡುವುದಕ್ಕೆ ಅಡ್ಡಿಯಿಲ್ಲ, ಕಂಪನಿಯ ಹಿಂದೆ ಹೋಗಬಾರದು ಎಂಬುದು ಮನೆಮನೆಯ ಕಟ್ಟಳೆ.

ಹಾಗೆ ಹಿಂದೆ ಹೋದವರಲ್ಲಿ ಒಬ್ಬರು ಬಾಬುಕೋಡಿ ವೆಂಕಟರಮಣ ಕಾರಂತರು. ದಕ್ಷಿಣ ಕನ್ನಡದ ಮನೆಯನ್ನು ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿಯನ್ನು ಸೇರಿದ ಆ ಹುಡುಗನನ್ನು ಮುಂದೆ ವೀರಣ್ಣನವರೇ ಓದಲೆಂದು ಕಾಶಿಗೆ ಕಳುಹಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ಥಾನೀ ಸಂಗೀತದ ಶಿಕ್ಷಣವೂ ದೊರೆಯಿತು. ‘ಹಯವದನ’, ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ಮೊದಲಾದ ನಾಟಕಗಳಿಗೆ ಅವರು ಕೂಡಿಸಿದ ಸಂಗೀತವನ್ನು ಕೇಳಿದವರು ಇಂದಿಗೂ ಗುನುಗುತ್ತಾರೆ. ಅವರು ಬಾಯಿಂದ ಹೇಳಿ ವೈದೇಹಿಯವರು ಬರೆಹಕ್ಕಿಳಿಸಿದ ಆತ್ಮಕಥೆಗೆ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ ಎಂಬ ಹೆಸರು. ಹೆಸರಿನಲ್ಲಿಯೇ ಆ ಮನುಷ್ಯನ ಅರ್ಧ ಸ್ವಭಾವವು ಅಡಗಿದೆ. ಅವರು ೨೦೦೨ರಲ್ಲಿ ತೀರಿಕೊಂಡರು.

ಆದರೆ ಈ ಮನೆಯ ಚರಿತ್ರೆ ಒಂದು ಪುಸ್ತಕದಲ್ಲಿ ಮುಗಿಯುವುದಿಲ್ಲ. ಬೆಂಗಳೂರಿನಲ್ಲಿ ಅವರು ಕಂಡು ಮೆಚ್ಚಿ ಕೈಹಿಡಿದ ಪ್ರೇಮಾ ಅವರೂ ತಮ್ಮ ಕಥೆಯನ್ನು ‘ಸೋಲಿಸಬೇಡ ಗೆಲಿಸಯ್ಯ’ ಎಂಬ ಹೆಸರಿನಿಂದ ಬರೆದಿದ್ದಾರೆ. ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿಯುತ್ತಿದ್ದಾಗ, ಶಾಲೆಯೊಂದರಲ್ಲಿ ಪಾಠ ಹೇಳಿ ಸಂಸಾರವನ್ನು ನಡೆಸಿದವರು ಈಕೆ. ರಾಗ ಒಬ್ಬರದು, ಮನೆಬಾಡಿಗೆ ಮತ್ತೊಬ್ಬರದು! ಮಕ್ಕಳ ನಾಟಕಕ್ಕಾಗಿ ದುಡಿದು, ೧೯೮೩ರಲ್ಲಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ಚಲಚ್ಚಿತ್ರವನ್ನಾಗಿ ನಿರ್ದೇಶಿಸಿದ ಈ ಮಹಿಳೆಯನ್ನು ‘ಕಾರಂತರ ಪತ್ನಿ’ ಎಂದಷ್ಟೇ ಹೇಳಿ ಮುಗಿಸುವವರನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ.

ಇದು ಈ ಕಾಲದ ಸಂಗತಿಯೆಂದು ವಾಚಕರು ತಿಳಿಯಬಾರದು. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಚಾರುದತ್ತನು ರೇಭಿಲನ ಗಾನವನ್ನು ಕೇಳಿ ನಡುರಾತ್ರಿಯಲ್ಲಿ ಮನೆಗೆ ಮರಳುತ್ತಾನೆ, ದಾರಿಯುದ್ದಕ್ಕೂ ಅದೇ ಹೊಗಳಿಕೆ, ಜೊತೆಗಿರುವ ಮೈತ್ರೇಯನಿಗೆ ನಿದ್ದೆಯ ಚಿಂತೆ. ಅದೇ ರಾತ್ರಿ ಕಳ್ಳನು ಕನ್ನವಿಕ್ಕಿ, ವಸಂತಸೇನೆಯು ನಂಬಿ ಇಟ್ಟಿದ್ದ ಒಡವೆಗಳನ್ನು ಒಯ್ಯುತ್ತಾನೆ. ಗಂಡನ ಮಾನ ಉಳಿಯಲೆಂದು ತನ್ನ ತೌರಿನ ರತ್ನಮಾಲೆಯನ್ನು ತೆಗೆದುಕೊಡುವವಳು ಧೂತೆ. ಎಷ್ಟೋ ವರ್ಷ ಈ ಅಂಕವನ್ನು ಪಾಠ ಹೇಳಿದೆವು. ಹುಡುಗರು ಕಳ್ಳನ ಚಾತುರ್ಯಕ್ಕೆ ನಗುತ್ತಿದ್ದರು, ರತ್ನಮಾಲೆಯ ಮಾತನ್ನು ಹುಡುಗಿಯರು ಕೇಳುತ್ತಿದ್ದರು.

ಈ ಪುಸ್ತಕಗಳ ಮಾತು ನಮಗೆ ಹೊಳೆದುದಕ್ಕೆ ಕಾರಣವುಂಟು. ಹರಿಹರದಲ್ಲಿ ಬಟ್ಟೆಯ ವ್ಯಾಪಾರ ಮಾಡುವ ನಮ್ಮ ಹಳೆಯ ಮಿತ್ರರೊಬ್ಬರ ಮಗಳು, ಬೆಂಗಳೂರಿನಲ್ಲಿ ಕೊಠಡಿ ಹಿಡಿದು ನಾಟಕಗಳಿಗೆ ಹಾರ್ಮೋನಿಯಂ ನುಡಿಸುವ ತರುಣನನ್ನೇ ಮದುವೆಯಾಗುವೆನೆಂದು ಹಟ ಹಿಡಿದಿದ್ದಾಳೆ. ಮಿತ್ರರು ನಮ್ಮನ್ನು ಹರಿಹರೇಶ್ವರನ ಗುಡಿಗೆ ಕರೆದೊಯ್ದು, ೧೨೨೪ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಆ ಕಂಬಗಳ ನಡುವೆ ಕುಳ್ಳಿರಿಸಿಕೊಂಡು, “ಮೇಷ್ಟರೆ, ಅವಳಿಗೆ ಬುದ್ಧಿ ಹೇಳಿ” ಎಂದರು. ಒಳಗೆ ಅರ್ಧ ಹರಿ, ಅರ್ಧ ಹರ. ಒಂದೇ ಮೂರ್ತಿಯಲ್ಲಿ ಇಬ್ಬರನ್ನು ನಿಲ್ಲಿಸುವುದು ಶಿಲ್ಪಿಗೆ ಸಾಧ್ಯವಾಯಿತು. ಸಂಸಾರದಲ್ಲಿ ಅದು ಅಷ್ಟು ಸುಲಭವಲ್ಲ. ನಾವು ಬುದ್ಧಿ ಹೇಳಲಿಲ್ಲ, ಎರಡು ಪುಸ್ತಕಗಳನ್ನೂ ಕೊಟ್ಟೆವು. ಕಾರಂತರದನ್ನು ತಂದೆ ಮೊದಲು ಓದಲಿ, ಪ್ರೇಮಾ ಅವರದನ್ನು ಮಗಳು ಮೊದಲು ಓದಲಿ ಎಂದಷ್ಟೇ ನಮ್ಮ ಕರಾರು.

ಹದಿನೈದು ದಿನಗಳ ತರುವಾಯ ಹುಡುಗಿ ತಾನೇ ದಾವಣಗೆರೆಗೆ ಬಂದಳು. ಮನಸ್ಸನ್ನು ಬದಲಿಸಿರಲಿಲ್ಲ. ಆದರೆ ಆ ತರುಣನಿಗೆ ಕಾಗದ ಬರೆದು ಮೂರು ವಿಷಯಗಳನ್ನು ಕೇಳಿದ್ದಳಂತೆ: ವರ್ಷದಲ್ಲಿ ಎಷ್ಟು ತಿಂಗಳು ಮನೆಯಲ್ಲಿರುವೆ, ಬಾಡಿಗೆಯನ್ನು ಯಾರು ಕೊಡಬೇಕು, ನಾನು ಬಿ.ಎಡ್. ಓದುವ ಎರಡು ವರ್ಷ ಕಾಯುವೆಯಾ? ಮೊದಲಿನೆರಡಕ್ಕೆ ಉತ್ತರ ಬಂದಿದೆಯೆಂದೂ, ಎರಡನೆಯದು ತನಗೆ ಹಿಡಿಸಲಿಲ್ಲವೆಂದೂ ಹೇಳಿದಳು. ಪ್ರೇಮಾ ಅವರ ಪುಸ್ತಕವನ್ನು ಹಿಂದಿರುಗಿಸಿದಳು. ತಂದೆಯ ಬಳಿಯಿದ್ದ ಕಾರಂತರದು ಇನ್ನೂ ಬಂದಿಲ್ಲ. ರಾತ್ರಿ ಅಂಗಡಿಯನ್ನು ಮುಚ್ಚಿದ ಮೇಲೆ ಅವರು ಅದನ್ನು ಎರಡನೆಯ ಸಲ ಓದುತ್ತಿದ್ದಾರಂತೆ.